ಕೇಳುವ ಕಿವಿಯ ಕಡೆ

ನನ್ನ ಎಡ ಕಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಕಿವಿ ನೋವೆಂದು ಇಡೀ ದಿನ ಅಳುತ್ತಿದ್ದೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದಳು, ಆರಿದೆಯೋ ಇಲ್ಲವೋ ನೋಡದೆ ಕಿವಿಗೆ ಬಿಟ್ಟಳು. ನೋವೂ ಹೋಯಿತು, ಕಿವಿಯೂ ಹೋಯಿತು. ಅಜ್ಜಿ ಸಾಯುವ ತನಕ ನೋವು ಹೋದದ್ದನ್ನಷ್ಟೇ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಇದು ಹೊರಗೆ ಗೊತ್ತಾಗಬಾರದು ಎಂಬುದು ನಮ್ಮ ಮನೆಯ ಕಾನೂನು. ರಾಜಾಜಿನಗರದ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತೆಂಬುದೂ ಎಲ್ಲರಿಗೂ ಗೊತ್ತಿರುತ್ತಿತ್ತು, ನನ್ನ ಕಿವಿ ಮಾತ್ರ ಗುಟ್ಟಾಗಿ ಇರಬೇಕಿತ್ತು. ಅದಕ್ಕಾಗಿ ಅಮ್ಮ ಒಂದು ಪದ್ಧತಿ ಮಾಡಿಕೊಂಡಿದ್ದಳು. ಮದುವೆ ಮನೆಯಿರಲಿ, ಬಸ್ಸಿರಲಿ, ದೇವಸ್ಥಾನದ ಸಾಲಿರಲಿ, ಅವಳು ನನ್ನ ಎಡಗಡೆಯೇ ಇರುತ್ತಿದ್ದಳು. ಆ ಕಡೆಯಿಂದ ಯಾರಾದರೂ ಮಾತಾಡಿಸಿದರೆ ನನ್ನ ಬದಲು ಅವಳೇ ಉತ್ತರ ಕೊಡುವಳು. ಕೊಡಲಾಗದಿದ್ದರೆ ನನ್ನ ಸೊಂಟ ಚಿವುಟುವಳು. ಚಿವುಟಿದರೆ ನಾನು ಎಡಕ್ಕೆ ತಿರುಗಿ ನಗಬೇಕು. ಹೆಣ್ಣು ನೋಡುವ ಕಾಲದಲ್ಲಿ ನನ್ನ ಸೊಂಟದ ಆ ಜಾಗ ಸದಾ ಕಂದಿರುತ್ತಿತ್ತು.

ಒಂದು ಕಿವಿಯಲ್ಲಿ ಬದುಕುವವರು ತುಟಿ ನೋಡಿ ಮಾತು ತಿಳಿಯುವುದನ್ನು ತಾವಾಗಿಯೇ ಕಲಿಯುತ್ತಾರೆ. ನಾನೂ ಕಲಿತೆ. ಹೆಂಗಸರ ಮಾತು ಸುಲಭ. ಗಂಡಸರದ್ದೇ ಕಷ್ಟ, ಏಕೆಂದರೆ ಎಂಬತ್ತರ ಆ ದಿನಗಳಲ್ಲಿ ಮೀಸೆ ಇಲ್ಲದ ಗಂಡಸು ಊರಲ್ಲೇ ಇರಲಿಲ್ಲ. ನನ್ನನ್ನು ನೋಡಲು ಬಂದವರಿಗೆಲ್ಲ ಪೊದೆಯಂಥ ಮೀಸೆ. ಅದರ ಹಿಂದಿನಿಂದ ಏನು ಕೇಳಿದರೂ ನನಗೆ ಅರ್ಧ ಗೊತ್ತಾಗುತ್ತಿತ್ತು, ಅರ್ಧ ಊಹೆ. ಊಹೆ ತಪ್ಪಿದಾಗ ಹುಡುಗಿ ಸ್ವಲ್ಪ ಮಂಕು ಎಂದು ಹೇಳಿ ಕಳಿಸಿಬಿಡುತ್ತಿದ್ದರು. ಅಮ್ಮನಿಗೆ ಅದು ಸಮಾಧಾನವೇ. ಮಂಕು ಎಂದರೆ ಪರವಾಗಿಲ್ಲ, ಕಿವುಡಿ ಎನ್ನಬಾರದು, ಅಷ್ಟೇ.

ಹಾಗಿರುವಾಗ ವಿಜಯನಗರದಿಂದ ಒಬ್ಬ ಬಂದ. ಆಫೀಸೊಂದರಲ್ಲಿ ಗುಮಾಸ್ತ. ಜೊತೆಗೆ ಅವನ ತಾಯಿ, ಮದುವೆಯಾದ ಅಕ್ಕ. ಅವನಿಗೆ ಮೀಸೆ ಇರಲಿಲ್ಲ. ನುಣ್ಣಗೆ ಬೋಳಿಸಿದ ಮುಖ, ನಿಧಾನವಾದ ಮಾತು, ಒಂದೊಂದು ಅಕ್ಷರವೂ ತುಟಿಯ ಮೇಲೆ ಕಾಣುತ್ತಿತ್ತು. ಏನು ಓದಿದೀರಿ, ಯಾವ ತಿಂಡಿ ಇಷ್ಟ ಎಂದು ಕೇಳಿದ. ಪೂರ್ತಿ ಗೊತ್ತಾಯಿತು. ನಾನು ಪೂರ್ತಿ ಉತ್ತರ ಕೊಟ್ಟೆ. ಹಾಡು ಎಂದರು, ಹಾಡಿದೆ. ಅವರು ಎದ್ದು ಹೋಗುವ ಹೊತ್ತಿಗೆ ನಾನು ತೀರ್ಮಾನ ಮಾಡಿಬಿಟ್ಟಿದ್ದೆ, ಮದುವೆಯಾದರೆ ಇವನನ್ನೇ. ಬೇರೆಯವರು ಸಂಬಳ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನಾನು ಬೋಳಿಸಿದ ಮೇಲ್ದುಟಿ ನೋಡಿ ಮನಸ್ಸು ಕೊಟ್ಟೆ. ನನಗೆ ಆಗ ಬೇಕಾಗಿದ್ದದ್ದು ಅದೊಂದೇ, ಚಿವುಟದೆ ಮಾತಾಡುವ ಒಂದು ಮನೆ.

ಗಂಡಿನ ತಾಯಿ ಒಪ್ಪಿಗೆಯನ್ನೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಎರಡೂ ಮನೆಯವರು ಸೇರಿ ಒಂದು ಪ್ರವಾಸ ಹೋಗಿಬರೋಣ, ಜೊತೆಯಲ್ಲಿ ಇದ್ದರೆ ಒಬ್ಬರ ಗುಣ ಒಬ್ಬರಿಗೆ ತಿಳಿಯುತ್ತದೆ ಎಂದರು. ಅರಮನೆ ನೋಡೋಣ, ಸಮುದ್ರ ನೋಡೋಣ, ದಾರಿಯಲ್ಲಿ ದೊಡ್ಡ ಆಲದ ಮರವೂ ಇದೆಯಲ್ಲ ಎಂದು ಜಾಗಗಳನ್ನೂ ಅವರೇ ಹೇಳಿದರು. ಅಪ್ಪ ಫ್ಯಾಕ್ಟರಿಗೆ ರಜೆ ಹಾಕಿ, ಗೊತ್ತಿದ್ದವರ ಮೆಟಡೋರ್ ವ್ಯಾನನ್ನು ಡ್ರೈವರ್ ಸಮೇತ ಗೊತ್ತು ಮಾಡಿದರು. ಹೆಣ್ಣಿನ ಕಡೆಯವರು ಎಂದ ಮೇಲೆ ಅದು ಅವರ ಪಾಲಿಗೇ ಬರುವ ಕೆಲಸ. ಅಮ್ಮ ಎರಡು ದಿನ ಕೂತು ಚಕ್ಕುಲಿ, ಕೋಡುಬಳೆ ಕರಿದಳು. ಕರಿಯುತ್ತಲೇ ನನಗೆ ಪಾಠ ಹೇಳಿದಳು. ವ್ಯಾನಿನಲ್ಲಿ ಎಡಗಡೆಯ ಕಿಟಕಿ ಪಕ್ಕವೇ ಕೂರಬೇಕು, ಆಗ ಎಲ್ಲರೂ ಬಲಕ್ಕೇ ಇರುತ್ತಾರೆ.

ಹೊರಡುವ ದಿನವೇ ಆ ಲೆಕ್ಕಾಚಾರ ಬುಡಮೇಲಾಯಿತು. ಗಂಡಿನ ತಾಯಿ ತಮಗೆ ವಾಂತಿ ಬರುತ್ತದೆಂದು ಎಡಗಡೆಯ ಕಿಟಕಿ ಹಿಡಿದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನನ್ನ ಬಲಕ್ಕೆ ಗಂಡಿನ ಅಕ್ಕ. ಅಮ್ಮ ಹಿಂದಿನ ಸೀಟಿನಲ್ಲಿ, ಅವಳ ಪಕ್ಕ ಗಂಡು. ಅಪ್ಪ ಮುಂದೆ ಡ್ರೈವರ್ ಜೊತೆ. ಸತ್ತ ಕಿವಿಯ ಕಡೆಗೇ ಬೀಗಿತ್ತಿ ಆಗಬೇಕಾದವಳು ಬಂದು ಕೂತದ್ದು ನೋಡಿ ಅಮ್ಮನ ಮುಖ ಇಳಿದುಹೋಯಿತು. ಪಾಪ, ದಾರಿಯುದ್ದಕ್ಕೂ ಮುಂದಕ್ಕೆ ಬಾಗಿ ಕೂತು, ಅವರು ಬಾಯಿ ತೆರೆದಾಗಲೆಲ್ಲ ಸೀಟಿನ ಸಂದಿಯಿಂದ ನನ್ನ ಬೆನ್ನಿಗೆ ತಿವಿಯುತ್ತಿದ್ದಳು. ನಾನು ತಿರುಗಿ ನಗುತ್ತಿದ್ದೆ. ಅವರು ಏನು ಹೇಳುತ್ತಿದ್ದರೋ ದೇವರೇ ಬಲ್ಲ.

ಕೆಂಗೇರಿ ದಾಟಿ ದೊಡ್ಡ ಆಲದ ಮರದ ಹತ್ತಿರ ವ್ಯಾನ್ ನಿಂತಿತು. ಅದು ಮರವೋ ತೋಪೋ ಹೇಳುವುದು ಕಷ್ಟ. ಬಿಳಲು ಇಳಿದು ಇಳಿದು ಕಾಂಡಗಳಾಗಿ, ಯಾವುದು ತಾಯಿ, ಯಾವುದು ಮಗು ಎಂದು ತಿಳಿಯದಂತೆ ಹರಡಿಕೊಂಡಿದೆ. ಗಂಡಿನ ಅಕ್ಕ, ನಾವು ಒಂದು ಆಟ ಆಡೋಣ ಎಂದಳು. ತಾನು ಅವಿತುಕೊಂಡು ಕೂಗುವುದು, ನಾನು ಹುಡುಕುವುದು. ಒಂದೇ ಕಿವಿ ಇರುವವರಿಗೆ ಸದ್ದು ಕೇಳುತ್ತದೆ, ಯಾವ ಕಡೆಯಿಂದ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ಅದು ಎರಡು ಕಿವಿ ಸೇರಿ ಮಾಡುವ ಕೆಲಸ. ಅವಳು ಹಿಂದಿನಿಂದ ನನ್ನ ಹೆಸರು ಹಿಡಿದು ಕೂಗಿದಳು, ನಾನು ಮುಂದಕ್ಕೆ ಓಡಿದೆ. ಎಡದಿಂದ ಕೂಗಿದಳು, ಬಲಕ್ಕೆ ಹೋದೆ. ಕಾಂಡದಿಂದ ಕಾಂಡಕ್ಕೆ ತಡಕಾಡುತ್ತಿದ್ದರೆ ಗಂಡಿನ ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಪಿಕ್ನಿಕ್ಕಿಗೆ ಬಂದಿದ್ದ ಯಾವುದೋ ಕಾಲೇಜು ಹುಡುಗರು ಕೂಡ ನಿಂತು ನೋಡಿದರು. ಒಬ್ಬ ಶಿಳ್ಳೆ ಹಾಕಿದ. ಅಮ್ಮ ಬುತ್ತಿಯ ಚೀಲ ಹಿಡಿದುಕೊಂಡು ನಿಂತಿದ್ದಳು.

ಆಗ ಗಂಡು ಒಂದು ಕೆಲಸ ಮಾಡಿದ. ಯಾರಿಗೂ ಕಾಣದಂತೆ ಗಲ್ಲ ಎತ್ತಿ ಒಂದು ಕಡೆ ತೋರಿಸಿದ. ನಾನು ಆ ಕಡೆ ಹೋದೆ, ಅವಳು ಸಿಕ್ಕಿದಳು. ಅಷ್ಟು ಸಾಕಾಯಿತು ನನಗೆ. ಮೈಸೂರು ಸೇರುವ ತನಕ ಆ ಗಲ್ಲವನ್ನು ನೆನೆಸಿಕೊಂಡು ಒಬ್ಬಳೇ ನಗುತ್ತ ಕೂತಿದ್ದೆ. ಆ ಆಟ ನನ್ನ ಕಿವಿಗೆಂದೇ ಹೂಡಿದ್ದು ಎಂದು ಆಗ ಹೊಳೆಯಲೇ ಇಲ್ಲ.

ಹೊಳೆದದ್ದು ಅರಮನೆಯಲ್ಲಿ. ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೆವು. ಬಣ್ಣದ ಗಾಜಿನ ಚಾವಣಿ, ಕಂಬಗಳ ಸಾಲು, ಗೈಡ್ ಹೇಳಿದ ಒಂದು ಮಾತು ನಾಲ್ಕಾಗಿ ತಿರುಗಿ ಬರುತ್ತಿತ್ತು. ಗಂಡಿನ ತಾಯಿ ಬಲಗಡೆ ಬಂದು ನನಗೇನೋ ಹೇಳಲು ಹೊರಟರು. ಅವರ ಮಗಳು ತಡೆದಳು. "ಈ ಕಡೆ ಮಾತಾಡಬೇಡಮ್ಮ, ಈ ಕಿವಿ ಕೇಳ್ಸಲ್ಲ ಅವಳಿಗೆ. ಆ ಕಡೆ ಹೋಗು" ಎಂದಳು. ಹೇಳಿದ್ದು ನನ್ನ ಬಲ ಕಿವಿಯ ಬುಡದಲ್ಲೇ. ತಾಯಿ ಸರಕ್ಕನೆ ಎಡಕ್ಕೆ ಬಂದು ಮುಗುಳ್ನಕ್ಕು ಏನೇನೋ ಹೇಳಿದರು. ಹಿಂದಿನಿಂದ ಅಮ್ಮ ಚಿವುಟಿದಳು. ನಾನು ನಕ್ಕೆ.

ಅವರಿಗೆ ಗೊತ್ತಿತ್ತು. ಗೊತ್ತಿತ್ತು, ಆದರೆ ಕಿವಿ ತಪ್ಪಾಗಿತ್ತು. ಹೆಣ್ಣು ತರುವ ಮುಂಚೆ ಬೀದಿಯಲ್ಲಿ ವಿಚಾರಿಸುವುದು ರೂಢಿ. ನಮ್ಮ ಎದುರು ಮನೆಯ ಆಂಟಿಯನ್ನು ವಿಚಾರಿಸಿದ್ದರಂತೆ. ಆಮೇಲೆ ಒಂದು ದಿನ ನಾನೇ ಆಂಟಿಯನ್ನು ನಿಲ್ಲಿಸಿ, ಏನು ಹೇಳಿದಿರಿ ಎಂದು ಕೇಳಿದೆ. ಅವರು ಸಂಕೋಚವೇ ಇಲ್ಲದೆ ತಮ್ಮ ಬಲ ಕಿವಿ ಮುಟ್ಟಿ ತೋರಿಸಿ, ಇದು ಎಂದೆ ಕಣೇ, ಅಲ್ವಾ ಎಂದರು. ವರ್ಷಗಟ್ಟಲೆ ರಸ್ತೆಯ ಆಚೆಯಿಂದ ನನ್ನನ್ನು ಎದುರುಬದುರಾಗಿ ನೋಡಿದವರು ಅವರು. ನನ್ನ ಎಡ ಅವರ ಬಲದ ನೇರಕ್ಕೇ ಬರುತ್ತಿತ್ತು.

ಆದರೆ ಅರಮನೆಯ ಆ ಹೊತ್ತಿನಲ್ಲಿ ನನಗೆ ಸಿಟ್ಟು ಬರಲಿಲ್ಲ. ಹೇಳಿದರೆ ನಂಬಬೇಕು, ಸಂತೋಷದಿಂದ ಎದೆ ಒಡೆದುಹೋಗುವ ಹಾಗಾಯಿತು. ಗೊತ್ತಿದ್ದೂ ಬಂದಿದ್ದಾರೆ. ಗೊತ್ತಿದ್ದೂ ನನ್ನ ಕೇಳುವ ಕಿವಿ ಯಾವುದೆಂದು ಹುಡುಕಿ ಆ ಕಡೆ ಬಂದು ಮಾತಾಡುತ್ತಿದ್ದಾರೆ. ಎಂಥ ದೊಡ್ಡ ಮನಸ್ಸಿನ ಜನ ಎಂದುಕೊಂಡೆ. ವಾಂತಿಯ ನೆಪ ಹೇಳಿ ಎಡಗಡೆ ಕೂತದ್ದೂ ಅದಕ್ಕೇ ಇರಬೇಕು. ಅವರ ತಪ್ಪನ್ನು ತಿದ್ದಲು ಹೋಗಲಿಲ್ಲ. ತಿದ್ದಿದರೆ ಅಮ್ಮನ ಗುಟ್ಟು ಬಯಲಾಗುತ್ತದೆ. ಮದುವೆಯಾದ ಮೇಲೆ ಹೇಳಿದರಾಯಿತು, ಎಲ್ಲರೂ ಕೂತು ನಗಬಹುದು ಎಂದುಕೊಂಡೆ. ಆ ಸಂಜೆ ಹಳೆಯ ಬಂಗಲೆಗಳ ಬೀದಿಯಲ್ಲಿ ನಡೆಯುವಾಗ ಒಂದೊಂದು ಮಹಡಿಯನ್ನೂ ನೋಡಿ, ಇಂಥ ಮನೆ ಬೇಡ, ವಿಜಯನಗರದ ಎರಡು ರೂಮು ಸಾಕು ಎಂದು ಮನಸ್ಸಿನಲ್ಲೇ ಸಂಸಾರ ಹೂಡಿದ್ದೆ.

ಮರುದಿನ ಹುಣಸೂರು ದಾಟಿ, ಮಡಿಕೇರಿ ಮೇಲೆ ಘಟ್ಟ ಇಳಿದೆವು. ಮರಗಳೆಂದರೆ ಅವು. ತುದಿ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ರಾಜಾಜಿನಗರದಲ್ಲಿ ಹೊಂಗೆ ಮರವನ್ನೇ ದೊಡ್ಡದೆಂದು ನಂಬಿದ್ದವಳು ನಾನು. ವ್ಯಾನಿನ ಎಂಜಿನ್ ಕಾದಿತ್ತು, ಒಂದು ತಿರುವಿನಲ್ಲಿ ನಿಲ್ಲಿಸಿದರು. ಗಂಡು ನನ್ನ ಎದುರಿಗೇ ಬಂದು ನಿಂತು, ಅವತ್ತು ಹಾಡಿದ್ದನ್ನು ಇನ್ನೊಂದು ಸಲ ಹಾಡ್ತೀರಾ ಎಂದು ನಿಧಾನವಾಗಿ ಕೇಳಿದ. ಎಲ್ಲರೂ ಅಪ್ಪಿದರೂ ಸುತ್ತು ಬರದಂಥ ಬುಡಕ್ಕೆ ಒರಗಿ ಹಾಡಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಅಪ್ಪ ಕಣ್ಣು ಒರೆಸಿಕೊಂಡರು. ಡ್ರೈವರ್ ರೇಡಿಯೇಟರಿಗೆ ನೀರು ಹಾಕುವುದನ್ನು ನಿಲ್ಲಿಸಿದ್ದ. ನನ್ನ ಇಡೀ ಬದುಕಿನಲ್ಲಿ ಅಷ್ಟು ಸುಖವಾಗಿದ್ದ ಹೊತ್ತು ಮತ್ತೊಂದಿಲ್ಲ, ಅದನ್ನು ಈಗ ಹೇಳಿಕೊಳ್ಳಲು ಹೊಟ್ಟೆ ಉರಿಯುತ್ತದೆ.

ಮಂಗಳೂರು ಮುಟ್ಟಿ, ಮಧ್ಯಾಹ್ನದ ಮೇಲೆ ಉಳ್ಳಾಲದ ಸಮುದ್ರಕ್ಕೆ ಹೋದೆವು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ನೀರಿಗಿಂತ ನನಗೆ ಹಿಡಿಸಿದ್ದು ಆ ಸದ್ದು. ಅದರ ಮುಂದೆ ಎರಡು ಕಿವಿಯವರೂ ಏನು, ಏನು ಎಂದು ಕೂಗಾಡುತ್ತಿದ್ದರು. ಎಲ್ಲರೂ ಒಬ್ಬರ ಬಾಯಿ ಒಬ್ಬರು ನೋಡುತ್ತಿದ್ದರು. ಇದು ನಮ್ಮಂಥವರ ಊರು ಎನಿಸಿತು.

ಗಂಡಿನ ಅಕ್ಕ ನಮ್ಮ ಅಪ್ಪ ಅಮ್ಮನನ್ನು ದೋಣಿ ನೋಡೋಣ ಬನ್ನಿ ಎಂದು ಕರೆದುಕೊಂಡು ಹೋದಳು. ನಾನು ಮರಳಿನ ಮೇಲೆ ಕೂತೆ. ಗಂಡಿನ ತಾಯಿ ನನ್ನ ಬಲಗಡೆಗೆ ಬಂದು ಕೂತರು, ಅವರ ಆಚೆ ಮಗ. ಕೈಯಲ್ಲಿ ನಮ್ಮ ಅಮ್ಮನ ಕೋಡುಬಳೆ. ಅಲೆಯ ಸದ್ದಿಗೆ ಅವರು ಗಟ್ಟಿಯಾಗಿಯೇ ಮಾತಾಡಬೇಕಾಯಿತು. ನಾನು ಕೇಳಿಸದವಳಂತೆ ನೀರು ನೋಡುತ್ತ ಕೂತೆ, ಒಳ್ಳೆಯ ಮಾತು ಬರುತ್ತದೆಂದು ಕಾದೆ.

"ಹಾಡ್ತಾಳೆ ಚೆನ್ನಾಗಿ, ಪಾಪ" ಎಂದ ಮಗ.

"ಹಾಡು ಕೇಳೋಕೆ ರೇಡಿಯೋ ಇದೆ. ಕಿವುಡಿ ಅಂತ ಗೊತ್ತಾದ ದಿನಾನೇ ಬೇಡ ಅಂದಾಯ್ತಲ್ಲ. ಭಾನುವಾರ ಬಸವೇಶ್ವರನಗರದವರು ತಾಂಬೂಲಕ್ಕೆ ಬರ್ತಾರೆ. ಅಲ್ಲೀತನಕ ನಗ್ತಾ ಇರು, ಸಾಕು. ಊರು ಮುಟ್ಟೋವರೆಗೂ ಇವರ ಮನಸ್ಸು ಕೆಡಿಸಬೇಡ."

ಮಗ ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡ. ಅಗಿದು ನುಂಗಿದ. ಆಮೇಲೆ ಹೇಳಿದ.

"ಹಾಗಾದ್ರೆ ವಾಪಸ್ ಹೋಗ್ತಾ ಬೇಲೂರು ತೋರಿಸ್ತಾರಾ ಕೇಳಮ್ಮ. ಹೇಗಿದ್ರೂ ಗಾಡಿ ಇದೆ. ನಾನು ನೋಡಿಲ್ಲ."

ಇಷ್ಟು ಹೇಳಿ ಮುಂದಕ್ಕೆ ಬಾಗಿ, ನನ್ನ ಕಣ್ಣಿಗೆ ಕಣ್ಣು ಸೇರಿಸಿ, ಅದೇ ನಿಧಾನದ ತುಟಿಯಲ್ಲಿ, ಅಲೆ ಚೆನ್ನಾಗಿದೆ ಅಲ್ವಾ ಎಂದು ಕೇಳಿದ. ಒಂದು ಅಕ್ಷರವೂ ತಪ್ಪಲಿಲ್ಲ ನನಗೆ. ಹೌದು ಎಂದೆ.

ಅಳು ಬರಲಿಲ್ಲ. ಮೈಯೆಲ್ಲ ಬೆಂಕಿ ಬಿದ್ದಿತ್ತು. ತಾಯಿಯ ಮೇಲೆ ಅಷ್ಟಿಲ್ಲ, ಬೇಡವೆನ್ನುವುದು ಅವರ ಹಕ್ಕು. ನನಗೆ ತಡೆಯಲಾಗದ್ದು ಆ ಗಲ್ಲ, ಆ ಮುಚ್ಚಿದ ಕಣ್ಣು. ಆಲದ ಮರದ ಕೆಳಗೆ ಆಟ ನೋಡಿ ಬೇಜಾರಾಗಿ, ಬೇಗ ಮುಗಿಯಲೆಂದು ಗಲ್ಲ ಎತ್ತಿದ್ದ ಎಂದು ಆಗ ಅರ್ಥವಾಯಿತು. ಹೊತ್ತು ಹೋಗಲೆಂದು ನನ್ನಿಂದ ಹಾಡಿಸಿದ್ದ. ಮರ ನೋಡಿದ ಹಾಗೆ, ಅರಮನೆ ನೋಡಿದ ಹಾಗೆ, ಬಿಟ್ಟಿ ಸಿಕ್ಕಿದ್ದನ್ನು ನೋಡಿಕೊಂಡು ಹೋಗಲು ಬಂದಿದ್ದ.

ಲಾಡ್ಜಿಗೆ ಬಂದ ಕೂಡಲೇ ಅಪ್ಪ ಅಮ್ಮನನ್ನು ನಮ್ಮ ರೂಮಿಗೆ ಕರೆದು ಬಾಗಿಲು ಹಾಕಿದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ, ಬಸವೇಶ್ವರನಗರ, ಭಾನುವಾರ, ತಾಂಬೂಲ, ಎಲ್ಲ. ನಾಳೆಯೇ ನೇರವಾಗಿ ಬೆಂಗಳೂರಿಗೆ ಹೊರಡೋಣ, ಇವರನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಬಿಡಿ ಎಂದೆ. ಅಪ್ಪ ಪ್ಯಾಂಟಿನ ಮಡಿಕೆಯಲ್ಲಿದ್ದ ಮರಳು ಕೊಡವುತ್ತಿದ್ದರು. ಕೊಡವಿ ಮುಗಿಸಿ, ಬಹಳ ಮೃದುವಾಗಿ ಹೇಳಿದರು.

"ನಿನಗೆ ಸರಿಯಾಗಿ ಕೇಳ್ಸಿರಲ್ಲ ಮಗಳೇ."

ನಾನು ಬಲ ಕಿವಿ ಎಂದೆ. ಕಿವಿಯ ಬುಡದಲ್ಲೇ ಹೇಳಿದರು ಎಂದೆ.

"ಎರಡು ಕಿವಿ ನೆಟ್ಟಗಿರೋ ನಮಗೇ ಅಲ್ಲಿ ಏನೂ ಕೇಳ್ತಿರಲಿಲ್ಲ" ಎಂದಳು ಅಮ್ಮ. "ನಿನ್ನ ಕಿವಿ ನಂಬ್ಕೊಂಡು ಬಂದ ಸಂಬಂಧ ಬಿಡೋಕಾಗುತ್ತಾ?"

ಜನ್ಮದಲ್ಲಿ ಒಂದು ಮಾತನ್ನು ನಾನು ಚೊಕ್ಕವಾಗಿ, ಅರ್ಧ ಅಕ್ಷರವೂ ಬಿಡದೆ ಕೇಳಿಸಿಕೊಂಡಿದ್ದರೆ ಅದು ಆವತ್ತು. ಊರಿಗೆಲ್ಲ ನನ್ನ ಮಗಳ ಕಿವಿ ಚೆನ್ನಾಗಿದೆ ಎಂದು ಸುಳ್ಳು ಹೇಳಿಕೊಂಡು ಬಂದವಳು, ಅದೇ ಕಿವಿ ನಿಜ ಹೇಳಿದ ದಿನ ನಂಬಲಿಲ್ಲ. ನೀವು ನೋಡ್ತಿರಿ, ಊಟದ ಹೊತ್ತಿಗೆ ಬೇಲೂರು ಕೇಳ್ತಾರೆ ಎಂದೆ. ಕೇಳಿದರು. ಗಂಡಿನ ತಾಯಿ ಸಾರು ಕಲಸುತ್ತ, ನಮ್ಮ ಹುಡುಗ ಬೇಲೂರು ನೋಡೇ ಇಲ್ಲ ಎಂದು ರಾಗ ಎಳೆದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ತಟ್ಟೆ ನೋಡಿಕೊಂಡು, ಅದಕ್ಕೇನಂತೆ, ಹೋಗೋಣ ಎಂದರು. ಆಮೇಲೆ ನಾನು ಜಗಳ ತೆಗೆದಿದ್ದಕ್ಕೆ, ಬೇಲೂರು ನೋಡಬೇಕು ಅನ್ನೋ ಆಸೆ ಯಾರಿಗಿಲ್ಲ ಎಂದು ಬಾಯಿ ಮುಚ್ಚಿಸಿದರು.

ಬೇಲೂರನ್ನು ನಾನು ನೋಡಲಿಲ್ಲ, ಸುತ್ತಿದೆ. ಗಂಡಿನ ತಾಯಿ ಪ್ರತಿ ಶಿಲಾಬಾಲಿಕೆಯ ಮುಂದೆಯೂ ನಿಂತು, ಕಲ್ಲಾದರೂ ಒಂದು ಊನ ಇಲ್ಲ ನೋಡು ಎಂದು ಮಗಳಿಗೆ ಹೇಳುತ್ತಿದ್ದರು. ನನ್ನ ಬಲ ಕಿವಿಯ ಪಕ್ಕದಲ್ಲೇ ಹೇಳುತ್ತಿದ್ದರು. ಹೇಳಿ ಮುಗಿಸಿ ಎಡಕ್ಕೆ ಬಂದು, ಸಿಹಿಯಾಗಿ ಏನೋ ಕೇಳುವರು. ಅಮ್ಮ ಚಿವುಟುವಳು. ಅವತ್ತು ನಾನು ನಗಲಿಲ್ಲ. ಅಮ್ಮ ಇನ್ನೂ ಜೋರಾಗಿ ಚಿವುಟಿದಳು.

ವಿಜಯನಗರದಲ್ಲಿ ಅವರ ಮನೆ ಮುಂದೆ ವ್ಯಾನ್ ನಿಂತಾಗ ಸಂಜೆ. ಅಪ್ಪನೇ ಅವರ ಬ್ಯಾಗುಗಳನ್ನು ಇಳಿಸಿ ಗೇಟಿನ ಒಳಗೆ ಇಟ್ಟರು. ಗಂಡಿನ ತಾಯಿ ನನ್ನ ಗಲ್ಲ ಹಿಡಿದು, ಎಡ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಆಶೀರ್ವಾದವೇ ಇರಬೇಕು. ಅಮ್ಮನ ಕೈ ನನ್ನ ಸೊಂಟಕ್ಕೆ ಬಂತು. ನಾನು ಆ ಕೈ ತೆಗೆದು ಪಕ್ಕಕ್ಕಿಟ್ಟೆ.

"ಆಂಟಿ, ನೀವು ಮಾತಾಡ್ತಿರೋದು ಸತ್ತ ಕಿವಿಗೆ" ಎಂದೆ. ಬಲ ಕಿವಿಯನ್ನು ಹಿಡಿದು ತೋರಿಸಿದೆ. "ಕೇಳ್ಸೋದು ಇದು. ಅರಮನೆಯಲ್ಲೂ ಕೇಳ್ತು, ಸಮುದ್ರದಲ್ಲೂ ಕೇಳ್ತು. ಭಾನುವಾರದ ತಾಂಬೂಲ ಚೆನ್ನಾಗಾಗಲಿ."

ಅವರ ಕೈ ನನ್ನ ಗಲ್ಲದ ಮೇಲೆಯೇ ನಿಂತುಬಿಟ್ಟಿತು. ಮೂರು ದಿನದಿಂದ ನನ್ನ ಬಲಗಡೆ ಏನೇನು ಹೇಳಿದ್ದೆವು ಎಂದು ಅವರು ಒಂದೊಂದಾಗಿ ನೆನೆಸಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ನಾನು ಅದನ್ನು ಪೂರ್ತಿ ನೋಡಿದೆ, ಕಣ್ಣು ತೆಗೆಯದೆ, ಹೊಟ್ಟೆ ತುಂಬುವಷ್ಟು. ಮಗಳು ಗೇಟಿನ ಚಿಲಕ ಹುಡುಕುತ್ತಿದ್ದಳು. ಗಂಡು ನನ್ನ ಕಡೆ ತಿರುಗಿ ಬಾಯಿ ತೆರೆದ. ನಾನು ಮುಖ ತಿರುಗಿಸಿಕೊಂಡೆ. ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅಪ್ಪನಿಗೆ ನಂಬಲು ಅವರ ಮುಖಗಳೇ ಸಾಕಾದವು. ರಾಜಾಜಿನಗರದಲ್ಲಿ ಇಳಿಯುವಾಗ ನನ್ನ ತಲೆ ಮುಟ್ಟಲು ಬಂದರು, ನಾನು ಬಗ್ಗಿ ಚೀಲ ಎತ್ತಿಕೊಂಡೆ. ಸಮುದ್ರದ ಹತ್ತಿರ ನಂಬದವರು ಮನೆ ಬಾಗಿಲಲ್ಲಿ ನಂಬಿದರೆ ನನಗೇನು ಬಂತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಆಮೇಲೆ ಬಂದ ಒಂದೆರಡು ಸಂಬಂಧಗಳಿಗೆ ಕಿವಿಯ ವಿಷಯ ನಾನೇ ಮೊದಲು ಹೇಳಿದೆ. ಅವರು ಕಾಫಿ ಕುಡಿದು ಹೋದರು. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿಗೆ ಸೇರಿದೆ. ಅಲ್ಲಿ ಹೊಲಿಗೆ ಮೆಷಿನುಗಳ ಗದ್ದಲಕ್ಕೆ ಎಲ್ಲರೂ ಕಿವುಡರೇ, ಎಲ್ಲರೂ ತುಟಿ ನೋಡಿಯೇ ಮಾತಾಡುವವರು. ನಾನು ಬೇಗ ಮೇಲೆ ಬಂದೆ. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಳು, ಕೊನೆಯ ತನಕ ನಾನೇ ನೋಡಿಕೊಂಡೆ.

ಮನೆಗೆ ಯಾರು ಬಂದರೂ ಅಮ್ಮ ಆ ಪ್ರವಾಸದ ಕಥೆ ತೆಗೆಯುತ್ತಿದ್ದಳು. ಎಂಥೆಂಥ ಮರ, ಎಂಥ ಅರಮನೆ, ಎಂಥ ಸಮುದ್ರ ಎಂದು ಬಣ್ಣಿಸಿ, ಬಂಗಾರದಂಥ ಸಂಬಂಧ ಬಂದಿತ್ತು, ಇವಳೇ ಗೇಟಿನ ಹತ್ತಿರ ಬಾಯಿ ಹಾಕಿ ಕೆಡಿಸಿಕೊಂಡಳು ಎಂದು ಮುಗಿಸುತ್ತಿದ್ದಳು. ನನಗೆ ಕೇಳಿಸಬಾರದೆಂದು ಅವಳ ಉದ್ದೇಶವೇನೂ ಇರಲಿಲ್ಲ. ಹಳೆಯ ಅಭ್ಯಾಸದಂತೆ ನನ್ನ ಎಡಗಡೆ ಕೂತಿರುತ್ತಿದ್ದಳು. ನಾನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ, ತಿಳಿದು, ಬಂದವರಿಗೆ ಕಾಫಿ ಮಾಡಲು ಏಳುತ್ತಿದ್ದೆ.